ಐದನೆಯ ನಿಮಿಷದ ಮದ್ದು

ನಿದ್ರೆಯ ಗುಳಿಗೆ ಎಂದೊಡನೆ ನಮ್ಮ ಜನರ ಮನಸ್ಸಿನಲ್ಲಿ ಮೂಡುವ ಚಿತ್ರ ಅಷ್ಟೇನೂ ಗೌರವದ್ದಲ್ಲ. ಹಳೆಯ ಸಿನಿಮಾಗಳಲ್ಲಿ ಅದು ಕಥೆಯ ಕೊನೆಯ ತಿರುವಿಗೆ ಒದಗುವ ವಸ್ತು. ಕಾದಂಬರಿಗಳಲ್ಲಿ ಒಂಟಿತನದ ಗುರುತು. ಮನೆಗಳಲ್ಲಿ ಮಕ್ಕಳ ಕಣ್ಣಿಗೆ ಬೀಳದಂತೆ ದಿಂಬಿನ ಕೆಳಗೆ ಇಟ್ಟುಕೊಂಡ ಗುಟ್ಟು. ಈ ಗುಳಿಗೆಗಳ ಕುಲಕ್ಕೆ ರಸಾಯನಶಾಸ್ತ್ರಜ್ಞರು ಬೆಂಜೊಡಯಾಜೆಪೀನ್ ಎಂಬ ಉದ್ದನೆಯ ಹೆಸರಿಟ್ಟಿದ್ದಾರೆ. ಹೆಸರು ಅಪರಿಚಿತವೆನಿಸಬಹುದು, ಆದರೆ ಆ ಕುಲದ ಹಿರಿಯ ಸಂತಾನವಾದ ಡಯಾಜೆಪಾಮ್ ವಿದೇಶಗಳಲ್ಲಿ ವ್ಯಾಲಿಯಮ್ ಎಂದೂ ನಮ್ಮಲ್ಲಿ ಕಾಂಪೋಸ್ ಎಂದೂ ಮನೆಮಾತಾಗಿತ್ತು. ಅತಿಯಾಗಿ ನುಂಗಿದರೆ ಚಟವಾಗುತ್ತದೆ, ವೈದ್ಯರ ಚೀಟಿಯಿಲ್ಲದೆ ಮುಟ್ಟಬಾರದು ಎಂಬ ಎಚ್ಚರಿಕೆಯ ಮಾತುಗಳನ್ನು ನೀವು ಕೇಳಿಯೇ ಇರುತ್ತೀರಿ. ಅವೆಲ್ಲ ನಿಜ. ನಾನು ಇಲ್ಲಿ ಹೇಳಹೊರಟಿರುವುದು ಮಾತ್ರ ಅದೇ ಔಷಧ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ, ಆಂಬುಲೆನ್ಸಿನ ಇಕ್ಕಟ್ಟಿನಲ್ಲಿ, ಕೆಲವೊಮ್ಮೆ ಮನೆಯ ನಡುಮನೆಯಲ್ಲೇ ಮಾಡುವ ಬೇರೊಂದು ಕೆಲಸದ ವಿಚಾರ. ಅಲ್ಲಿ ಅದು ನಿದ್ರೆ ಬರಿಸುವ ಮದ್ದಲ್ಲ. ಹತ್ತಿಕೊಂಡ ಬೆಂಕಿಯನ್ನು ಆರಿಸುವ ಮದ್ದು.

ಆ ಬೆಂಕಿ ಯಾವುದೆಂದು ಮೊದಲು ಹೇಳಬೇಕು. ಗ್ರಂಥಗಳು ಅಪಸ್ಮಾರವೆಂದೂ ಮೂರ್ಛೆಯೆಂದೂ ಕರೆಯುವುದನ್ನು ನಮ್ಮ ಜನ ‘ಫಿಟ್ಸ್’ ಎನ್ನುತ್ತಾರೆ. ನಾನೂ ಹಾಗೆಯೇ ಎನ್ನುತ್ತೇನೆ. ಫಿಟ್ಸ್ ಬಂದವರೆಲ್ಲ ಅಪಸ್ಮಾರದ ರೋಗಿಗಳಲ್ಲ. ಮಗುವಿಗೆ ಜ್ವರ ಏರಿದಾಗ ಬರಬಹುದು, ಕುಡಿತವನ್ನು ಥಟ್ಟನೆ ಬಿಟ್ಟವನಿಗೆ ಬರಬಹುದು, ಸಕ್ಕರೆಯ ಅಂಶ ಕುಸಿದವರಿಗೆ ಬರಬಹುದು. ಕಾರಣ ಏನೇ ಇರಲಿ, ಮಿದುಳಿನೊಳಗೆ ನಡೆಯುವುದು ಹೆಚ್ಚುಕಡಮೆ ಒಂದೇ. ಆರೋಗ್ಯವಾಗಿರುವ ಮಿದುಳು ಒಂದು ದೊಡ್ಡ ಸಂತೆಯಂತೆ. ದೂರದಿಂದ ಕೇಳಿದರೆ ಬರಿಯ ಗದ್ದಲ, ಹತ್ತಿರ ಹೋದರೆ ಒಬ್ಬೊಬ್ಬನದೂ ಬೇರೆ ಬೇರೆ ವ್ಯವಹಾರ: ಇಲ್ಲಿ ಚೌಕಾಸಿ, ಅಲ್ಲಿ ಕುಶಲಪ್ರಶ್ನೆ, ಇನ್ನೊಂದು ಕಡೆ ಜಗಳ. ಆ ಸಂತೆಯಲ್ಲಿ ಸೇರಿದವರೆಲ್ಲ ಇದ್ದಕ್ಕಿದ್ದಂತೆ ತಮ್ಮ ತಮ್ಮ ಮಾತನ್ನು ಬಿಟ್ಟು ಒಂದೇ ಕೂಗನ್ನು ಒಂದೇ ತಾಳಕ್ಕೆ ಕೂಗತೊಡಗಿದರೆ ಹೇಗಿರುತ್ತದೆಯೋ, ಫಿಟ್ಸ್ ಬಂದ ಮಿದುಳು ಹಾಗೆ. ಕೂಗು ಜೋರಾಗಿದೆ, ಆದರೆ ಅದರಲ್ಲಿ ಅರ್ಥವಿಲ್ಲ. ಆ ತಾಳಕ್ಕೆ ಸರಿಯಾಗಿ ಕೈಕಾಲು ಅದರುತ್ತವೆ, ಹಲ್ಲು ಕಚ್ಚುತ್ತದೆ, ಎದೆಯ ಸ್ನಾಯುಗಳು ಬಿಗಿದು ಉಸಿರು ಸರಾಗವಾಗಿ ಆಡುವುದಿಲ್ಲ.

ಸಮಾಧಾನದ ಸಂಗತಿಯೆಂದರೆ ಬಹುಪಾಲು ಫಿಟ್ಸು ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಆಗ ಕೈಗೆ ಕಬ್ಬಿಣದ ಬೀಗದಕೈ ಕೊಟ್ಟವರು, ಮೂಗಿಗೆ ಈರುಳ್ಳಿಯನ್ನೋ ಚಪ್ಪಲಿಯನ್ನೋ ಹಿಡಿದವರು, ಅದರಿಂದಲೇ ನಿಂತಿತೆಂದು ತಿಳಿಯುತ್ತಾರೆ. ಬೀಗದಕೈಗೆ ಸಲ್ಲುವ ಈ ಕೀರ್ತಿ ನಿಜಕ್ಕೂ ಸಲ್ಲಬೇಕಾದದ್ದು ಮಿದುಳಿಗೆ. ತನ್ನ ಗದ್ದಲವನ್ನು ತಾನೇ ಅಡಗಿಸುವ ವ್ಯವಸ್ಥೆ ಅದರೊಳಗೇ ಉಂಟು. ಆದರೆ ಐದು ನಿಮಿಷ ಕಳೆದೂ ನಿಲ್ಲದ ಫಿಟ್ಸು ತಾನಾಗಿ ನಿಲ್ಲುವ ಸಂಭವ ಕಡಿಮೆ. ನಾವು ಓದಿದ ಪಠ್ಯಪುಸ್ತಕಗಳಲ್ಲಿ ಅರ್ಧ ಗಂಟೆ ನಿಲ್ಲದಿದ್ದರೆ ಮಾತ್ರ ಅದನ್ನು ‘ನಿರಂತರ ಮೂರ್ಛೆ’ ಎನ್ನಬೇಕೆಂದಿತ್ತು. ಈ ರೋಗವನ್ನು ಕುರಿತ ಅಂತರರಾಷ್ಟ್ರೀಯ ವೈದ್ಯಸಂಘವು ೨೦೧೫ರಲ್ಲಿ ಆ ಗಡಿಯನ್ನು ಸ್ಪಷ್ಟವಾಗಿ ಎರಡು ಮಾಡಿತು: ಕೈಕಾಲು ಅದರುವ ಬಗೆಯ ಫಿಟ್ಸಿನಲ್ಲಿ ಐದನೆಯ ನಿಮಿಷಕ್ಕೆ ಚಿಕಿತ್ಸೆ ಆರಂಭವಾಗಬೇಕು, ಮೂವತ್ತನೆಯ ನಿಮಿಷದ ಹೊತ್ತಿಗೆ ಮಿದುಳಿಗೆ ಶಾಶ್ವತ ಹಾನಿಯಾಗುವ ಅಪಾಯ ಬಂದಿರುತ್ತದೆ. ಈ ಇಪ್ಪತ್ತೈದು ನಿಮಿಷಗಳ ಅವಕಾಶದಲ್ಲಿಯೇ ನಮ್ಮ ಮದ್ದು ಕೆಲಸ ಮಾಡಬೇಕು.

ಮಿದುಳಿನಲ್ಲಿ ಗದ್ದಲವನ್ನು ಅಡಗಿಸುವ ರಾಸಾಯನಿಕ ದೂತನಿಗೆ ಸಂಕ್ಷಿಪ್ತವಾಗಿ ಗಾಬಾ ಎಂದು ಹೆಸರು. ಹೆಸರು ಕೇಳಿ ಗಾಬರಿಯಾಗಬೇಕಾಗಿಲ್ಲ; ಗಾಬರಿಯನ್ನು ಇಳಿಸುವುದೇ ಅದರ ಉದ್ಯೋಗ. ನರಕೋಶದ ಮೈಮೇಲೆ ಅಲ್ಲಲ್ಲಿ ಪುಟ್ಟ ಬಾಗಿಲುಗಳಿವೆ. ಗಾಬಾ ಬಂದು ತಟ್ಟಿದರೆ ಅವು ತೆರೆದುಕೊಂಡು ಉಪ್ಪಿನ ಒಂದು ಅಂಶವಾದ ಕ್ಲೋರೈಡಿನ ಕಣಗಳು ಒಳನುಗ್ಗುತ್ತವೆ. ಕೋಶದ ಉದ್ರೇಕ ತಣಿಯುತ್ತದೆ. ಬೆಂಜೊಡಯಾಜೆಪೀನ್ ಈ ಬಾಗಿಲನ್ನು ತಾನೇ ತೆರೆಯುವುದಿಲ್ಲ. ಬಾಗಿಲ ಪಕ್ಕದಲ್ಲಿ ತನ್ನದೇ ಒಂದು ಜಾಗ ಹಿಡಿದು ನಿಂತು, ಗಾಬಾ ತಟ್ಟಿದಾಗ ಬಾಗಿಲು ಮತ್ತೆ ಮತ್ತೆ ತೆರೆಯುವಂತೆ ನೋಡಿಕೊಳ್ಳುತ್ತದೆ. ಆ ಜಾಗ ಮಿದುಳಿನಲ್ಲಿ ನಿಜವಾಗಿಯೂ ಇದೆಯೆಂದು ೧೯೭೭ರಲ್ಲಿ ಪತ್ತೆಯಾಯಿತು. ಇದಕ್ಕಿಂತ ಹಳೆಯ ಬಾರ್ಬಿಟುರೇಟ್ ಔಷಧಗಳ ರೀತಿ ಬೇರೆ. ಪ್ರಮಾಣ ಹೆಚ್ಚಾದರೆ ಅವು ಗಾಬಾದ ಅಪ್ಪಣೆಗೆ ಕಾಯದೆ ತಾವೇ ಬಾಗಿಲನ್ನು ತೆರೆದಿಟ್ಟುಬಿಡುತ್ತವೆ. ಸಹಾಯಕನಿಗೂ ಯಜಮಾನನಿಗೂ ಇರುವ ಈ ವ್ಯತ್ಯಾಸದಲ್ಲಿಯೇ ಬೆಂಜೊಡಯಾಜೆಪೀನುಗಳ ಹೆಚ್ಚಿನ ಸುರಕ್ಷತೆಯ ಗುಟ್ಟು ಅಡಗಿದೆ.

ಇನ್ನೊಂದು ಸಂಗತಿಯುಂಟು, ಅದು ಬಹಳ ಮುಖ್ಯವಾದದ್ದು. ಫಿಟ್ಸು ನಿಲ್ಲದೆ ಮುಂದುವರಿದರೆ ಈ ಬಾಗಿಲುಗಳೇ ಕೋಶದ ಮೈಮೇಲಿಂದ ಒಳಕ್ಕೆ ಸರಿದುಕೊಳ್ಳುತ್ತವೆಯೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಬಾಗಿಲೇ ಇಲ್ಲದ ಮೇಲೆ ಅದರ ಪಕ್ಕದಲ್ಲಿ ನಿಲ್ಲುವವನಿಂದ ಏನು ಪ್ರಯೋಜನ? ಐದನೆಯ ನಿಮಿಷದಲ್ಲಿ ಕೊಟ್ಟರೆ ನಾಟುವ ಮದ್ದು ನಲವತ್ತನೆಯ ನಿಮಿಷದಲ್ಲಿ, ಅದೇ ಪ್ರಮಾಣದಲ್ಲಿ, ಅದೇ ರೋಗಿಗೆ ನಾಟದೆ ಹೋಗುವುದು ಇದರಿಂದ. ಆಸ್ಪತ್ರೆಯಲ್ಲಿ ಔಷಧಿ ಕೆಲಸ ಮಾಡಲಿಲ್ಲವೆಂದು ನೊಂದುಕೊಳ್ಳುವ ಎಷ್ಟೋ ಮನೆಯವರಿಗೆ, ಔಷಧಿ ಕೆಲಸ ಮಾಡಬಹುದಾಗಿದ್ದ ಹೊತ್ತು ದಾರಿಯಲ್ಲಿಯೇ ಕಳೆದುಹೋಗಿತ್ತು ಎಂಬುದನ್ನು ತಿಳಿಸಿ ಹೇಳುವುದು ಕಷ್ಟ.

ಈ ಔಷಧಕುಲ ಹುಟ್ಟಿದ ಕಥೆಯನ್ನು ಸಾಹಿತ್ಯಪ್ರಿಯರಿಗೆ ಹೇಳದೆ ಮುಂದೆ ಹೋಗಲಾರೆ. ಲಿಯೋ ಸ್ಟರ್ನ್‌ಬಾಕ್ ಎಂಬ ಯಹೂದಿ ರಸಾಯನಶಾಸ್ತ್ರಜ್ಞ ೧೯೩೦ರ ದಶಕದಲ್ಲಿ ಪೋಲೆಂಡಿನ ಕ್ರಾಕೋ ನಗರದಲ್ಲಿ ಬಣ್ಣಗಳಿಗೆ ಒದಗಬಹುದಾದ ಕೆಲವು ಸಂಯುಕ್ತಗಳನ್ನು ಕುರಿತು ಕೆಲಸ ಮಾಡಿದ್ದ. ಬಣ್ಣ ಸಿದ್ಧಿಸಲಿಲ್ಲ. ಯುದ್ಧಕಾಲದಲ್ಲಿ, ೧೯೪೧ರಲ್ಲಿ, ತನ್ನ ಉದ್ಯೋಗದಾತರಾದ ಹಾಫ್‌ಮನ್-ಲಾ ರೋಶ್ ಕಂಪನಿಯವರ ಮೂಲಕ ಸ್ವಿಟ್ಜರ್ಲೆಂಡಿನಿಂದ ಅಮೆರಿಕಕ್ಕೆ ದಾಟಿಕೊಂಡ. ೧೯೫೦ರ ದಶಕದಲ್ಲಿ ಮನಸ್ಸನ್ನು ಶಮನಗೊಳಿಸುವ ಹೊಸ ಔಷಧವೊಂದನ್ನು ಹುಡುಕಬೇಕೆಂದು ಕಂಪನಿ ಕೇಳಿದಾಗ ಅವನು ತನ್ನ ಹಳೆಯ ಬಣ್ಣದ ಸಂಯುಕ್ತಗಳನ್ನೇ ಮತ್ತೆ ಕೈಗೆತ್ತಿಕೊಂಡ. ಸಾಲಾಗಿ ಪರೀಕ್ಷಿಸಿದ್ದೆಲ್ಲ ನಿಷ್ಫಲವಾಗಿ ಕೆಲಸ ನಿಂತಿತು. ೧೯೫೭ರಲ್ಲಿ ಪ್ರಯೋಗಶಾಲೆಯ ಮೇಜನ್ನು ಚೊಕ್ಕಟ ಮಾಡುವಾಗ, ಎಂದೋ ತಯಾರಿಸಿ ಪರೀಕ್ಷೆಗೆ ಕಳಿಸದೆ ಉಳಿದಿದ್ದ ಒಂದು ಹರಳಿನ ಪುಡಿ ಸಹೋದ್ಯೋಗಿಯ ಕಣ್ಣಿಗೆ ಬಿತ್ತು. ಎಸೆಯುವ ಬದಲು ಪರೀಕ್ಷೆಗೆ ಕಳಿಸಿದರು. ಅದೇ ೧೯೬೦ರಲ್ಲಿ ಲಿಬ್ರಿಯಮ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಮೊದಲ ಬೆಂಜೊಡಯಾಜೆಪೀನ್. ಮೂರು ವರ್ಷಗಳ ಬಳಿಕ ವ್ಯಾಲಿಯಮ್ ಬಂತು. ಕಸಕ್ಕೆ ಹೋಗಬೇಕಾಗಿದ್ದ ಪುಡಿಯಿಂದ ಇಷ್ಟು ದೊಡ್ಡ ವಂಶ ಬೆಳೆಯಿತೆಂದರೆ ಪುರಾಣಿಕರೂ ಒಪ್ಪಬಹುದಾದ ಕಥೆ.

ಫ್ರಾನ್ಸಿನ ಮಾರ್ಸೇಲ್ಸ್ ನಗರದ ನರರೋಗತಜ್ಞ ಆನ್ರಿ ಗಾಸ್ತೋ ಮತ್ತು ಸಂಗಡಿಗರು ನಿರಂತರ ಮೂರ್ಛೆಯ ರೋಗಿಗಳಿಗೆ ಡಯಾಜೆಪಾಮನ್ನು ರಕ್ತನಾಳದ ಮೂಲಕ ಕೊಟ್ಟು ಫಲಿತಾಂಶವನ್ನು ೧೯೬೫ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ವೈದ್ಯರ ಕೈಯಲ್ಲಿದ್ದವುಗಳಲ್ಲಿ ಒಂದು ಪ್ಯಾರಾಲ್ಡಿಹೈಡ್. ಅದು ವಾರ್ಡನ್ನೆಲ್ಲ ತುಂಬುವ ಕಟುವಾಸನೆಯ ದ್ರವ. ಪ್ಲಾಸ್ಟಿಕ್ ಸಿರಿಂಜನ್ನು ಕರಗಿಸುವುದೆಂದು ಗಾಜಿನ ಸಿರಿಂಜಿನಲ್ಲಿಯೇ ಎಳೆಯಬೇಕಾಗಿತ್ತು. ಅದರ ಮುಂದೆ ಡಯಾಜೆಪಾಮ್ ವರವೇ ಸರಿ. ಆದರೆ ಈ ವರಕ್ಕೂ ಒಂದು ಷರತ್ತು ಇತ್ತು. ಡಯಾಜೆಪಾಮ್ ನೀರಿನಲ್ಲಿ ಕರಗುವುದಿಲ್ಲ. ಬೇರೆ ದ್ರಾವಕದಲ್ಲಿ ಕರಗಿಸಿದ ಆ ಔಷಧವನ್ನು ಮಾಂಸಖಂಡಕ್ಕೆ ಚುಚ್ಚಿದರೆ ನೋವು ಹೆಚ್ಚು. ರಕ್ತಕ್ಕೆ ಎಷ್ಟು ಸೇರುತ್ತದೆ, ಯಾವಾಗ ಸೇರುತ್ತದೆ ಎಂಬ ಭರವಸೆಯಿಲ್ಲ. ಆದ್ದರಿಂದ ರಕ್ತನಾಳವೇ ಬೇಕು. ಅದರುತ್ತಿರುವ ಕೈಯಲ್ಲಿ, ಅದರಲ್ಲೂ ಮೈ ತುಂಬಿಕೊಂಡ ಎಳೆಮಗುವಿನ ಕೈಯಲ್ಲಿ, ರಕ್ತನಾಳವನ್ನು ಹುಡುಕಿ ಸೂಜಿ ಏರಿಸುವುದೆಂದರೆ ಓಡುವ ಎತ್ತಿನ ಗಾಡಿಯಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿದ ಹಾಗೆ. ಇದೇ ಕುಲದ ಲೋರಾಜೆಪಾಮಿನ ಪರಿಣಾಮ ಹೆಚ್ಚು ಹೊತ್ತು ನಿಲ್ಲುತ್ತದೆ, ನಿಜ. ಆದರೆ ಅದರ ಇಂಜೆಕ್ಷನ್ನನ್ನು ಶೀತಪೆಟ್ಟಿಗೆಯಲ್ಲಿಡಬೇಕು. ನಮ್ಮ ಬೇಸಗೆಯಲ್ಲಿ, ವಿದ್ಯುತ್ತು ಬಂದು ಹೋಗುವ ಊರುಗಳಲ್ಲಿ, ಅದು ಸಣ್ಣ ಮಾತಲ್ಲ.

ಇಲ್ಲಿ ಮಿಡಾಜೋಲಾಮ್ ಪ್ರವೇಶಿಸುತ್ತದೆ. ೧೯೭೦ರ ದಶಕದ ಮಧ್ಯಭಾಗದಲ್ಲಿ ಅದೇ ರೋಶ್ ಕಂಪನಿಯ ರಸಾಯನಶಾಸ್ತ್ರಜ್ಞರು ರಚಿಸಿದ ಈ ಅಣುವಿಗೆ ವೇಷ ಬದಲಿಸುವ ಕಲೆ ಗೊತ್ತು. ಸೀಸೆಯೊಳಗಿನ ದ್ರವ ಹುಳಿಯಾಗಿರುತ್ತದೆ, ಅಂದರೆ ಆಮ್ಲೀಯ. ಅಲ್ಲಿ ಅಣುವಿನ ಒಂದು ಉಂಗುರ ಬಿಚ್ಚಿಕೊಂಡು ಅದು ನೀರಿನಲ್ಲಿ ಕರಗಿರುತ್ತದೆ. ಶರೀರವನ್ನು ಸೇರಿದೊಡನೆ, ರಕ್ತದಲ್ಲಿ ಆ ಹುಳಿಯಿಲ್ಲವಾದ್ದರಿಂದ, ಉಂಗುರ ಮುಚ್ಚಿಕೊಳ್ಳುತ್ತದೆ. ಅಣು ಈಗ ಕೊಬ್ಬಿನಲ್ಲಿ ಕರಗುವಂಥದಾಗುತ್ತದೆ. ಮಿದುಳಿನ ಸುತ್ತಲಿನ ಕಾವಲನ್ನು ದಾಟಲು ಬೇಕಾದದ್ದು ಈ ಎರಡನೆಯ ವೇಷವೇ. ಪರಿಣಾಮವಾಗಿ ಮಿಡಾಜೋಲಾಮನ್ನು ರಕ್ತನಾಳಕ್ಕೆ ಕೊಡಬಹುದು. ಅದು ಸಿಗದಿದ್ದರೆ ತೊಡೆಯ ಮಾಂಸಖಂಡಕ್ಕೆ ಚುಚ್ಚಬಹುದು, ಕೆನ್ನೆಯ ಒಳಭಾಗಕ್ಕೂ ಒಸಡಿಗೂ ನಡುವೆ ಹನಿಸಬಹುದು, ಮೂಗಿನೊಳಕ್ಕೆ ಸಿಂಪಡಿಸಬಹುದು. ಶೀತಪೆಟ್ಟಿಗೆಯೂ ಬೇಡ.

ಹೀಗೆ ಎಲ್ಲ ಅನುಕೂಲವಿದ್ದ ಮೇಲೆ ತಡವೇಕೆ? ತಡಕ್ಕೆ ಕಾರಣ ಭಯ. ಉಸಿರು ನಿಂತೀತೆಂಬ ಭಯ. ಅದು ನಿರಾಧಾರವಾದದ್ದಲ್ಲ. ೧೯೮೦ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಮಿಡಾಜೋಲಾಮ್ ಬಳಕೆಗೆ ಬಂದ ಮೊದಲ ವರ್ಷಗಳಲ್ಲಿ, ಹೊಟ್ಟೆಯೊಳಕ್ಕೆ ನಳಿಗೆ ಇಳಿಸಿ ನೋಡುವಂಥ ಪರೀಕ್ಷೆಗಳಿಗಾಗಿ ಅದನ್ನು ಪಡೆದವರಲ್ಲಿ ಹಲವರು ಉಸಿರು ಕುಂದಿ ಸತ್ತರು. ಡಯಾಜೆಪಾಮಿಗೆ ಪಳಗಿದ್ದ ಕೈಗಳು ಅದಕ್ಕಿಂತ ಹೆಚ್ಚು ತೀಕ್ಷ್ಣವಾದ ಹೊಸ ಔಷಧವನ್ನು ಹಳೆಯ ಲೆಕ್ಕದಲ್ಲಿಯೇ, ವೇಗವಾಗಿ, ಅನೇಕ ವೇಳೆ ಅಫೀಮಿನ ವರ್ಗದ ನೋವುಶಾಮಕಗಳ ಜೊತೆಗೆ ಕೊಟ್ಟಿದ್ದವು. ಉಸಿರನ್ನು ಗಮನಿಸುವ ಏರ್ಪಾಡೂ ಇರುತ್ತಿರಲಿಲ್ಲ. ಅಂದಿನಿಂದ ಮಿಡಾಜೋಲಾಮ್ ಕೊಡುವಲ್ಲಿ ಆಮ್ಲಜನಕ, ಉಸಿರು ಕೊಡುವ ಚೀಲ, ರಕ್ತದ ಆಮ್ಲಜನಕವನ್ನು ಅಳೆಯುವ ಸಾಧನ ಇರಲೇಬೇಕೆಂಬ ನಿಯಮ ಬಲಗೊಂಡಿತು. ಇದಕ್ಕೆ ಫ್ಲುಮಾಜೆನಿಲ್ ಎಂಬ ಪ್ರತಿಮದ್ದೂ ಉಂಟು. ಆದರೆ ಫಿಟ್ಸಿನ ರೋಗಿಗೆ ಅದನ್ನು ಕೊಟ್ಟರೆ ನಿಂತ ಫಿಟ್ಸು ಮರಳಿ ಬರಬಹುದಾದ್ದರಿಂದ ನಾವು ಅದರ ತಂಟೆಗೆ ಹೋಗುವುದು ಅಪರೂಪ.

ನಾನು ತುರ್ತು ವಿಭಾಗದಲ್ಲಿದ್ದ ವರ್ಷಗಳಲ್ಲಿ ಈ ಭಯವನ್ನು ವೈದ್ಯರಲ್ಲಿಯೂ ಕಂಡಿದ್ದೇನೆ, ಮನೆಯವರಲ್ಲಿಯೂ ಕಂಡಿದ್ದೇನೆ. ಹಳ್ಳಿಯಿಂದ ಆಟೋರಿಕ್ಷಾದಲ್ಲಿ ಮೊಮ್ಮಗನನ್ನು ತಂದಿದ್ದ ಅಜ್ಜಿಯೊಬ್ಬರು ನನ್ನ ಕೈಯಲ್ಲಿದ್ದ ಸಿರಿಂಜನ್ನು ಕಂಡು ಅಡ್ಡ ಬಂದರು.

“ನಿದ್ದೆ ಇಂಜೆಕ್ಸನ್ನು ಬ್ಯಾಡಿ ಸಾಮಿ. ಮಗೀಗೆ ಉಸ್ರು ನಿಂತೋದ್ರೆ ನಾವೇನ್ ಮಾಡಾನ?”

“ಈಗಲೇ ಉಸಿರು ಸರಿಯಾಗಿ ಆಡ್ತಾ ಇಲ್ಲ ಅಜ್ಜಿ. ತುಟಿ ಹೇಗೆ ನೀಲಿಗಟ್ಟಿದೆ ನೋಡಿ.”

ಅಜ್ಜಿ ನೋಡಿದರು, ದಾರಿ ಬಿಟ್ಟರು. ಹುಡುಗನ ಅದುರು ನಿಂತಿತು. ನಿಂತ ಮೇಲೆ ತುಟಿಯ ಬಣ್ಣ ತಿರುಗಿತು. ಆ ಅಜ್ಜಿಗೆ ನಾನು ಆತುರದಲ್ಲಿ ಕೊಟ್ಟ ಉತ್ತರವನ್ನೇ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ಒಂದು ಅಧ್ಯಯನ ಅಂಕೆಸಂಖ್ಯೆಗಳಲ್ಲಿ ಕೊಟ್ಟಿದೆ. ಆಸ್ಪತ್ರೆಗೆ ಬರುವ ಮುನ್ನವೇ, ದಾರಿಯಲ್ಲಿ, ಆಂಬುಲೆನ್ಸಿನ ಸಿಬ್ಬಂದಿ ಈ ಔಷಧವನ್ನು ಕೊಡಬಹುದೇ ಎಂಬುದು ಅಲ್ಲಿಯ ಪ್ರಶ್ನೆ. ೨೦೦೧ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ೨೦೫ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಲೋರಾಜೆಪಾಮ್, ಇನ್ನೊಂದಕ್ಕೆ ಡಯಾಜೆಪಾಮ್, ಮೂರನೆಯದಕ್ಕೆ ಔಷಧವಿಲ್ಲದ ಬರಿಯ ದ್ರವ ಕೊಟ್ಟರು. ಆಸ್ಪತ್ರೆ ತಲಪುವ ಹೊತ್ತಿಗೆ ಫಿಟ್ಸು ನಿಂತಿದ್ದದ್ದು ಲೋರಾಜೆಪಾಮ್ ಪಡೆದವರಲ್ಲಿ ನೂರಕ್ಕೆ ೫೯, ಡಯಾಜೆಪಾಮ್ ಪಡೆದವರಲ್ಲಿ ನೂರಕ್ಕೆ ೪೩, ಬರಿಯ ದ್ರವ ಪಡೆದವರಲ್ಲಿ ನೂರಕ್ಕೆ ೨೧ ಮಂದಿಗೆ. ಇದು ನಿರೀಕ್ಷಿಸಿದ್ದೇ. ನಿರೀಕ್ಷಿಸದಿದ್ದದ್ದು ಇನ್ನೊಂದು. ಉಸಿರಾಟ ಮತ್ತು ರಕ್ತಸಂಚಾರದ ತೊಡಕುಗಳು ಔಷಧ ಪಡೆದ ಎರಡು ಗುಂಪುಗಳಲ್ಲಿ ನೂರಕ್ಕೆ ಸುಮಾರು ೧೦ ಮಂದಿಗೆ ಉಂಟಾದರೆ, ಔಷಧ ಪಡೆಯದ ಗುಂಪಿನಲ್ಲಿ ನೂರಕ್ಕೆ ೨೨ಕ್ಕೂ ಮಿಕ್ಕಿ ಉಂಟಾದವು. ಉಸಿರನ್ನು ಕಸಿಯುವವರಲ್ಲಿ ದೊಡ್ಡ ಕಳ್ಳ ಮದ್ದಲ್ಲ, ನಿಲ್ಲದ ಫಿಟ್ಸು.

ಮುಂದಿನ ಪ್ರಶ್ನೆ ಯಾವ ದಾರಿ ಒಳ್ಳೆಯದೆಂಬುದು. ೨೦೧೨ರಲ್ಲಿ ಪ್ರಕಟವಾದ, ಅಮೆರಿಕದ ಆಂಬುಲೆನ್ಸುಗಳಲ್ಲಿ ನಡೆದ, ೮೯೩ ರೋಗಿಗಳ ಅಧ್ಯಯನ ಇದನ್ನು ಕೈಗೆತ್ತಿಕೊಂಡಿತು. ಒಂದು ಗುಂಪಿಗೆ ತೊಡೆಯ ಮಾಂಸಖಂಡಕ್ಕೆ ಮಿಡಾಜೋಲಾಮ್. ಇನ್ನೊಂದಕ್ಕೆ ರಕ್ತನಾಳಕ್ಕೆ ಲೋರಾಜೆಪಾಮ್. ಒಳಹೊಕ್ಕ ಮೇಲೆ ರಕ್ತನಾಳದ ಮದ್ದು ಬೇಗ ನಾಟಿತು: ಫಿಟ್ಸು ನಿಲ್ಲಲು ಅದಕ್ಕೆ ಒಂದೂವರೆ ನಿಮಿಷಕ್ಕಿಂತ ತುಸು ಹೆಚ್ಚು, ಮಾಂಸಖಂಡದ ಮದ್ದಿಗೆ ಮೂರು ನಿಮಿಷಕ್ಕಿಂತ ತುಸು ಹೆಚ್ಚು. ಆದರೆ ಒಳಹೊಗುವುದೇ ಕಷ್ಟ! ರಕ್ತನಾಳ ಹುಡುಕಿ ಔಷಧ ಕೊಡುವ ಹೊತ್ತಿಗೆ ಐದು ನಿಮಿಷದ ಹತ್ತಿರ ಹತ್ತಿರ ಕಳೆದಿದ್ದರೆ, ತೊಡೆಗೆ ಚುಚ್ಚುವ ಕೆಲಸ ಒಂದು ನಿಮಿಷ ಚಿಲ್ಲರೆಯಲ್ಲಿ ಮುಗಿದಿತ್ತು. ಕೊನೆಯ ಲೆಕ್ಕದಲ್ಲಿ ಆಸ್ಪತ್ರೆಯ ಬಾಗಿಲಿಗೆ ಫಿಟ್ಸು ನಿಂತು ಬಂದವರು ಮಿಡಾಜೋಲಾಮಿನ ಗುಂಪಿನಲ್ಲಿ ನೂರಕ್ಕೆ ೭೩, ಲೋರಾಜೆಪಾಮಿನ ಗುಂಪಿನಲ್ಲಿ ನೂರಕ್ಕೆ ೬೩. ಕೃತಕ ಉಸಿರಿಗಾಗಿ ನಳಿಗೆ ಹಾಕಬೇಕಾಗಿ ಬಂದವರ ಪ್ರಮಾಣ ಎರಡರಲ್ಲಿಯೂ ಸುಮಾರು ಒಂದೇ. ಆಮೆ ಮೊಲಗಳ ಕಥೆ ಇಲ್ಲಿಯೂ ನಡೆಯಿತು, ಆದರೆ ಮೊಲ ನಿದ್ದೆ ಮಾಡಿದ್ದರಿಂದಲ್ಲ. ಹೊರಡುವ ಬಾಗಿಲೇ ಅದಕ್ಕೆ ಬೇಗ ಸಿಗಲಿಲ್ಲ.

ಆ ಅಧ್ಯಯನದಲ್ಲಿ ೪೦ ಕಿಲೋಗಿಂತ ಹೆಚ್ಚು ತೂಕದವರಿಗೆ ಕೊಟ್ಟದ್ದು ೧೦ ಮಿಲಿಗ್ರಾಂ ಮಿಡಾಜೋಲಾಮ್, ಒಂದೇ ಸಲಕ್ಕೆ. ಈ ಅಂಕೆಯನ್ನು ಕೇಳಿದರೆ ಇಂದಿಗೂ ಹುಬ್ಬೇರಿಸುವ ವೈದ್ಯರಿದ್ದಾರೆ. ಎರಡು ಮಿಲಿಗ್ರಾಂ ಕೊಟ್ಟು ನೋಡೋಣ, ಮತ್ತೆ ಒಂದು ಕೊಡೋಣ ಎಂಬ ಚೌಕಾಸಿ ನಡೆಯುತ್ತದೆ. ಮೂಳೆ ಕೂಡಿಸುವಾಗ, ಹೃದಯದ ತಾಳ ಸರಿಪಡಿಸಲು ವಿದ್ಯುದಾಘಾತ ಕೊಡುವಾಗ ರೋಗಿಗೆ ಮಂಪರು ಬರಿಸುವ ಸಂದರ್ಭಗಳಲ್ಲಿ ಈ ಚೌಕಾಸಿ ಸರಿಯಾದದ್ದೇ. ಅಲ್ಲಿ ಹೊತ್ತು ನಮ್ಮ ಕೈಯಲ್ಲಿರುತ್ತದೆ. ಫಿಟ್ಸಿನಲ್ಲಿ ಹಾಗಲ್ಲ. ಎರಡು ಸಲ ಬೆಂಕಿಗೆ ಚಮಚದಲ್ಲಿ ನೀರು ಹಾಕಿ, ಮೂರನೆಯ ಸಲಕ್ಕೆ ಕೊಡ ತಂದರೆ ಅಷ್ಟರಲ್ಲಿ ಮಾಡು ಹತ್ತಿರುತ್ತದೆ. ಅಮೆರಿಕದ ದೊಡ್ಡ ಆಸ್ಪತ್ರೆಗಳ ದಾಖಲೆಗಳನ್ನು ತೆಗೆದು ನೋಡಿದಾಗಲೂ, ಈ ರೋಗಿಗಳಿಗೆ ಕೊಟ್ಟ ಮೊದಲ ಔಷಧದ ಪ್ರಮಾಣ ಬಹುಪಾಲು ಶಿಫಾರಸಿಗಿಂತ ಕಡಿಮೆಯಿತ್ತು. ಈ ಮದ್ದು ಸೋತರೆ ಮುಂದಿನ ಸರದಿಯಲ್ಲಿ ಮೂರು ಔಷಧಗಳಿವೆ. ೨೦೧೯ರ ಒಂದು ಅಧ್ಯಯನದ ಪ್ರಕಾರ ಮೂರೂ ಸಮಬಲದವು, ಮತ್ತು ಮೂರೂ ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ಗೆಲ್ಲುತ್ತವೆ. ಮೊದಲ ಅವಕಾಶದ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಫಿಟ್ಸಲ್ಲದೆ ಬೇರೆ ಕಡೆಗಳಲ್ಲಿಯೂ ಈ ಔಷಧಗಳು ಪ್ರಾಣ ಕಾಯುತ್ತವೆ. ಧನುರ್ವಾಯುವಿನಲ್ಲಿ ಬಿಲ್ಲಿನಂತೆ ಬಾಗುವ ದೇಹವನ್ನು ಸಡಿಲಿಸಲು ಡಯಾಜೆಪಾಮ್ ಬಳಸುತ್ತಾರೆ. ಕುಡಿತ ಬಿಟ್ಟವನ ಸನ್ನಿಗೂ ಇದೇ ಕುಲದ ಮದ್ದು. ನಮ್ಮ ಹಳ್ಳಿಗಾಡಿನ ಆಸ್ಪತ್ರೆಗಳಿಗೆ ಬರುವ ಕೀಟನಾಶಕದ ವಿಷಪ್ರಕರಣಗಳಲ್ಲಿ ಆರ್ಗನೊಫಾಸ್ಫರಸ್ ವರ್ಗದ ವಿಷ ಏರಿ ಫಿಟ್ಸು ಬಂದರೆ, ಅಟ್ರೊಪೀನಿನ ಜೊತೆಗೆ ಇದೂ ಬೇಕು. ಯುದ್ಧದ ನರವಿಷಾನಿಲಗಳೂ ಅದೇ ರಾಸಾಯನಿಕ ಬಳಗಕ್ಕೆ ಸೇರಿದವು. ತೊಡೆಗೆ ಒತ್ತಿದೊಡನೆ ತಾನೇ ಚುಚ್ಚಿಕೊಳ್ಳುವ ಸಿರಿಂಜುಗಳನ್ನು ಸೈನಿಕರಿಗಾಗಿ ಸಿದ್ಧಪಡಿಸಿದ್ದು ಆ ಭಯದಿಂದ. ಮೇಲೆ ಹೇಳಿದ ಆಂಬುಲೆನ್ಸಿನ ಅಧ್ಯಯನದಲ್ಲಿ ಬಳಸಿದ್ದು ಅಂಥ ಸಿರಿಂಜನ್ನೇ.

ಇನ್ನು ಮನೆಯ ಮಾತು. ನಮ್ಮ ಸೀಮೆಗೇ ವಿಶೇಷವೆನ್ನಬಹುದಾದ ಒಂದು ಬಗೆಯ ಫಿಟ್ಸು ಉಂಟು: ತಲೆಯ ಮೇಲೆ ಬಿಸಿನೀರು ಸುರಿದುಕೊಳ್ಳುವಾಗ ಬರುವಂಥದು. ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ಕರ್ನಾಟಕದಲ್ಲಿ, ಇದು ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಇದನ್ನು ಕುರಿತು ಬಹಳ ಅಧ್ಯಯನ ಮಾಡಿದ್ದಾರೆ. ಹಂಡೆಯ ನೀರಿನ ಕಾವು ಇಳಿಸಿದರೆ ಅನೇಕರಿಗೆ ಸಾಕು. ಸಾಲದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಇದೇ ಕುಲದ ಕ್ಲೋಬಜಾಮ್ ಗುಳಿಗೆ ಕೊಡುತ್ತಾರೆ. ಅಭ್ಯಂಜನಕ್ಕೂ ಬೆಂಜೊಡಯಾಜೆಪೀನಿಗೂ ನಂಟು ಬೆಸೆದದ್ದು ನಮ್ಮವರೇ ಎಂದು ಸ್ವಲ್ಪ ಹೆಮ್ಮೆಪಡಬಹುದು.

ಪದೇ ಪದೇ ಫಿಟ್ಸು ಬರುವವರ ಮನೆಯಲ್ಲಿ ಮೂಗಿಗೆ ಸಿಂಪಡಿಸುವ ಮಿಡಾಜೋಲಾಮನ್ನು, ವೈದ್ಯರು ತೂಕ ನೋಡಿ ಬರೆದುಕೊಟ್ಟ ಪ್ರಮಾಣದೊಂದಿಗೆ, ಇಟ್ಟುಕೊಳ್ಳಬಹುದು. ನಮ್ಮ ದೇಶದಲ್ಲಿಯೂ ಅದು ದೊರೆಯುತ್ತದೆ. ಯಾವ ಮೂಗಿನ ಹೊಳ್ಳೆಗೆ ಎಷ್ಟು ಸಲ ಎಂಬುದನ್ನು ಆ ಚೀಟಿಯಲ್ಲಿಯೇ ಬರೆಸಿ ಔಷಧದ ಡಬ್ಬಿಗೆ ಅಂಟಿಸಿಡಿ. ಆ ಗಳಿಗೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಫಿಟ್ಸು ಬಂದೊಡನೆ ಮಾಡಬೇಕಾದ ಮೊದಲ ಕೆಲಸ ಗಡಿಯಾರ ನೋಡುವುದು. ನೋಡುವವರಿಗೆ ಒಂದು ನಿಮಿಷ ಹತ್ತು ನಿಮಿಷವಾಗಿ ಕಾಣುತ್ತದೆ. ಆದ್ದರಿಂದ ಅಂದಾಜನ್ನು ನಂಬಬಾರದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು ಬೇಡ. ಮುಳ್ಳು ಐದು ನಿಮಿಷ ದಾಟಿದರೆ ಮದ್ದು ಸಿಂಪಡಿಸಿ, ೧೦೮ಕ್ಕೆ ಕರೆ ಮಾಡಿ. ಮದ್ದು ಇಲ್ಲದ ಮನೆಯಾದರೆ ಕರೆಯನ್ನು ಇನ್ನೂ ಮುಂಚೆಯೇ ಮಾಡಿ. ಅದುರು ನಿಂತ ಮೇಲೆ ರೋಗಿ ಗಾಢವಾಗಿ ಮಲಗುತ್ತಾನೆ. ಫಿಟ್ಸಿನ ಆಯಾಸಕ್ಕೂ ಹಾಗಾಗುತ್ತದೆ, ಮದ್ದಿನಿಂದಲೂ ಹಾಗಾಗುತ್ತದೆ. ಅವನನ್ನು ಅಲುಗಾಡಿಸಿ ಎಬ್ಬಿಸಬೇಕಾಗಿಲ್ಲ, ಆದರೆ ಒಂಟಿಯಾಗಿ ಬಿಡಲೂಬಾರದು. ಮಿಡಾಜೋಲಾಮಿನ ಪ್ರಭಾವ ಬೇಗ ಇಳಿಯುವುದರಿಂದ ಫಿಟ್ಸು ಮರುಕಳಿಸಬಹುದು. ಆಂಬುಲೆನ್ಸು ಬರುವತನಕ ಒಬ್ಬರು ಹತ್ತಿರ ಕುಳಿತು, ಎದೆ ಏರಿಳಿಯುವುದನ್ನೂ ತುಟಿಯ ಬಣ್ಣವನ್ನೂ ನೋಡುತ್ತಿರಬೇಕು.